ಮೊಗೆಕಾಯಿಯ ಎರಡು ಸಾಲು

ಅವಳು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ, ಮುಟ್ಟಳ್ಳಿ ಕಡೆಯವರೊಬ್ಬರ ಬಾಯಲ್ಲಿ, ಅದೂ ಸತ್ತು ಎರಡು ತಿಂಗಳಾದ ಮೇಲೆ. "ನಿಮ್ಮ ಆ ಮೊಗೆಕಾಯಿ ಹೆಂಗ್ಸು ಹೋತಲ್ಲ" ಎಂದರು. ಹೇಗೆ ಸತ್ತಳು, ಯಾವಾಗ ಸತ್ತಳು ಎಂದು ನಾನು ಕೇಳಲಿಲ್ಲ. "ಮಾದೇವಿ ಹೆಣ ನೋಡಲಿಕ್ಕೆ ಹೋಗಿದ್ದಳಾ?" ಎಂದು ಕೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಇವನಿಗೆ ತಲೆ ನೆಟ್ಟಗಿದೆಯೇ ಎಂಬಂತೆ ನನ್ನ ಮುಖ ನೋಡಿ ಹೊನ್ನಾವರದ ಬಸ್ಸು ಹತ್ತಿದರು. ಆ ಪ್ರಶ್ನೆ ಯಾಕೆ ಬಂತು ಎಂದು ಹೇಳಿಬಿಡುತ್ತೇನೆ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದೇ ಹೆಚ್ಚಾಯಿತು.

ಅವಳ ಹೆಸರು ನಾನು ಬರೆಯುವುದಿಲ್ಲ. ಬದುಕಿದ್ದಾಗ ಬರೆದುಕೊಳ್ಳಲು ಬಿಡದವಳ ಹೆಸರನ್ನು ಸತ್ತ ಮೇಲೆ ಬರೆದರೆ ಕಳ್ಳತನವಾಗುತ್ತದೆ. ಬೊಂಬಾಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಎರಡು ಮೂರು ವರ್ಷವಾಗಿತ್ತು. ನಾನು ಹೊಸದಾಗಿ ಗ್ರಾಮಸೇವಕನಾಗಿ ಭಟ್ಕಳದ ಮುಟ್ಟಳ್ಳಿ ಕಡೆಗೆ ಬಂದಿದ್ದೆ. ಒಂದು ಸೈಕಲ್ಲು, ಒಂದು ಖಾದಿ ಚೀಲ, ಒಂದು ಉದ್ದನೆಯ ರಿಜಿಸ್ಟರು. ಮನೆಮನೆಗೆ ಹೋಗಿ ಯಾರು ಎಂತ ಬೆಳೆಯುತ್ತಾರೆ ಎಂದು ಬರೆದುಕೊಳ್ಳುವ ಕೆಲಸ. ಅವಳ ಅಂಗಳದಲ್ಲಿ ನಿಂತು ಹೆಸರು ಕೇಳಿದೆ.

"ಹೆಸ್ರು ಎಂತಕೆ?"

"ಪುಸ್ತಕದಲ್ಲಿ ಬರೆಯಲಿಕ್ಕೆ."

"ನನ್ನ ಗಂಡನ ಹೆಸ್ರೂ ಒಬ್ಬ ಬರ್ಕೊಂಡ. ಹೆಬ್ಬೆಟ್ಟೂ ಒತ್ತಿಸ್ಕೊಂಡ. ಮರು ವರ್ಷ ಮೇಲಿನ ಗದ್ದೆ ನಮ್ದಲ್ಲ ಅಂತ ಆತು. ನೀ ಬದನೆಕಾಯಿ ಎಷ್ಟು ಅಂತ ಬರ್ಕೊ, ಹೆಸ್ರು ಬೇಡ."

ಹೆಸರಿನ ಜಾಗದಲ್ಲಿ ನಾನೊಂದು ಗೀಟು ಎಳೆದೆ. ಅವಳು ಬಗ್ಗಿ ಅದನ್ನೂ ನೋಡಿದಳು. "ಅದು ಎಂತ ಗುರ್ತು?" ಎಂದಳು. ಏನೂ ಅಲ್ಲ ಎಂದೆ. ಏನೂ ಅಲ್ಲದ್ದನ್ನು ಸರಕಾರದ ಪುಸ್ತಕದಲ್ಲಿ ಯಾಕೆ ಹಾಕುತ್ತಾರೆ ಎಂದು ಕೇಳಿದಳು. ನಾನು ಬದನೆಕಾಯಿ ಎಷ್ಟು ಎಂದು ಬರೆದುಕೊಂಡೆ.

ನನ್ನನ್ನು ಅವಳು 'ಸೇವಕ' ಎಂದು, ಅದೂ ಏಕವಚನದಲ್ಲೇ ಕರೆಯುತ್ತಿದ್ದಳು. ನಾನೂ ಇಲ್ಲಿ ಅವಳು ಎಂದೇ ಬರೆಯುತ್ತಿದ್ದೇನೆ. ಬಹುವಚನ ಕೊಟ್ಟರೆ, ಇವನಿಗೆ ನನ್ನಿಂದ ಎಂತ ಆಗಬೇಕು ಎಂದು ಎಡಗಣ್ಣು ಸಣ್ಣ ಮಾಡುತ್ತಿದ್ದಳು. ಯಾರ ಮಾತು ಕೇಳುವಾಗಲೂ ಆ ಎಡಗಣ್ಣು ಹಾಗೆಯೇ ಇರುತ್ತಿತ್ತು. ಸಂತೆಯ ತಕ್ಕಡಿಯನ್ನು ನಂಬದೆ ತನ್ನದೇ ಒಂದು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಸಿಡುಬು ಬಾರದಂತೆ ದೇವಿಯ ಸೂಜಿ ಚುಚ್ಚುವವನು ಬಂದರೆ, ಮೊದಲು ನಿನ್ನ ಕೈಗೆ ಚುಚ್ಚಿಕೊ ನೋಡುವ ಎನ್ನುತ್ತಿದ್ದಳು. ಭಟ್ಕಳ ಪೇಟೆಯ ನವಾಯತ ಮುಸ್ಲಿಮರ ಮನೆಗಳ ಹಿಂಬಾಗಿಲಿಗೆ ಬೆಂಡೆ, ಹರಿವೆ ಮಾರಲು ಹೋದಾಗ ಅಲ್ಲಿನ ಹೆಂಗಸರ ಜೊತೆ ಅವರ ಮಾತಿನಲ್ಲೇ ಪಟಪಟ ಮಾತಾಡುತ್ತಿದ್ದಳು. ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ. "ನನ್ನ ಎದ್ರಿಗೆ ನನ್ನ ಸುದ್ದಿ ಎಂತ ಮಾತಾಡ್ತ್ರು ಅಂತ ತಿಳ್ಕಣುಕೆ ಕಲ್ತೆ" ಎಂದಳು.

ಇಡೀ ಲೋಕದಲ್ಲಿ ಅವಳು ನಂಬಿದ್ದು ಒಬ್ಬಳನ್ನೇ, ಅವಳೇ ಮಾದೇವಿ. ಅವಳ ಗಂಡನ ತಮ್ಮನ ಹೆಂಡತಿ. ಇಬ್ಬರೂ ವಿಧವೆಯರು, ಇಬ್ಬರ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ದಾಟಿ ಹೋಗಲು ಒಂದು ದಣಪೆ. ಆ ದಣಪೆಯ ಅಡ್ಡಗೋಲುಗಳು ಯಾವಾಗಲೂ ತೆಗೆದೇ ಇರುತ್ತಿದ್ದವು. ನಾಟಿಗೆ ಹೋದರೆ ಇಬ್ಬರೂ ಪಕ್ಕಪಕ್ಕ ನಿಂತು ನೆಡುವುದು. ಹಾಡಿದರೆ ಒಬ್ಬಳು ಎತ್ತುವುದು, ಇನ್ನೊಬ್ಬಳು ಹಿಡಿಯುವುದು. ಬೀಜ ಕೇಳಿದರೆ ಯಾರಿಗೂ ಸುಲಭಕ್ಕೆ ಕೊಡದವಳು ಮಾದೇವಿಗೆ ಮಾತ್ರ ಕೇಳದೆ ಕೊಡುತ್ತಿದ್ದಳು. ಬೇರೆಯವರಿಗೆ ಕೊಡುವಾಗ ಒಲೆಯ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ ಕೊಡುತ್ತಾಳೆ ಎಂದು ಊರಲ್ಲಿ ಗುಸುಗುಸು ಇತ್ತು. ನನಗೂ ಒಂದು ಹಿಡಿ ಕೊಟ್ಟಿದ್ದಳು. ಕುಮಟೆಯ ನಮ್ಮ ಹಿತ್ತಿಲಲ್ಲಿ ಅಮ್ಮ ಬಿತ್ತಿದಳು, ಒಂದೂ ಏಳಲಿಲ್ಲ. ನೀರು ಹೆಚ್ಚಾಯಿತು ಎಂದು ಅಮ್ಮ ಹೇಳಿದಳು. ನನಗೆ ಇವತ್ತಿಗೂ ಅನುಮಾನ ಹೋಗಿಲ್ಲ.

ಅವಳ ಬೇಸಿಗೆ ತರಕಾರಿ ಎಂದರೆ ಆ ಸುತ್ತಿನಲ್ಲಿ ಹೆಸರಾದದ್ದು. ಭತ್ತ ಕೊಯ್ದ ಗದ್ದೆಯಲ್ಲೇ ಗುಣಿ ತೋಡಿ, ಸುಟ್ಟ ಮಣ್ಣು, ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ, ಒಣಗಿದ ತಾರ್ಲೆ ಮೀನಿನ ಪುಡಿ, ಎಲ್ಲವನ್ನೂ ಅವಳ ಕೈಯಳತೆಯಲ್ಲಿ ಹಾಕಿ ಮುಚ್ಚುತ್ತಿದ್ದಳು. ಗದ್ದೆಯ ಮೂಲೆಯ ಹೊಂಡದಿಂದ ಎರಡೂ ಸೊಂಟಕ್ಕೆ ಎರಡು ಕೊಡ ಇಟ್ಟುಕೊಂಡು ನೀರು. ಬದನೆ, ಬೆಂಡೆ, ಹೀರೆ, ಹರಿವೆ ಎಲ್ಲ ಇದ್ದವು. ಆದರೆ ಅವಳ ಜೀವ ಇದ್ದದ್ದು ಮೊಗೆಕಾಯಿಯಲ್ಲಿ. ಹಳದಿ ಪಟ್ಟೆಯ ಆ ಸೌತೆಯ ಜಾತಿಯನ್ನು ತೊಟ್ಟು ಬಿಟ್ಟು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಮರದ ಪಕಾಸಿಗೆ ತೂಗಿಸಿದರೆ ದೀಪಾವಳಿಯವರೆಗೆ ಕೆಡುವುದಿಲ್ಲ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ನಾಲ್ಕು ತಿಂಗಳು ಅದೇ ಹುಳಿ, ಅದೇ ಪಲ್ಯ. ಕೊನೆಗೆ ಉಳಿದ ಒಂದನ್ನು ಬಲೀಂದ್ರನ ಮುಂದೆ ಇಡುವುದು. ಅವಳೊಬ್ಬಳೇ ತೂಗಿಸಿದ್ದು ಎರಡು ಮನೆಗೂ ಸಾಕಾಗುತ್ತಿತ್ತು.

ಅವಳು ಕೊಯ್ಯುವುದನ್ನು ನೋಡಬೇಕಿತ್ತು. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಹೊರಡುತ್ತಿದ್ದಳು. ನೆಟ್ಟಗೆ ಗದ್ದೆಗೆ ಹೋಗುತ್ತಿರಲಿಲ್ಲ, ಕೊಟ್ಟಿಗೆ ಸುತ್ತಿ, ಹೊಂಡ ಸುತ್ತಿ ಹೋಗುವುದು. ನೆಟ್ಟಗೆ ಹೋದರೆ ನೋಡುವವರಿಗೆ ಗೊತ್ತಾಗುತ್ತದಂತೆ. ಕಾಯಿಗಳೆಲ್ಲ ಒಣಹುಲ್ಲಿನ ಅಡಿ ಅಡಗಿರುತ್ತಿದ್ದವು. ಹುಲ್ಲು ಸರಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು ಕೇಳಿ, ಬಲಿಯದಿದ್ದರೆ ಮತ್ತೆ ಹುಲ್ಲು ಮುಚ್ಚುತ್ತಿದ್ದಳು. ಬಲಿತಿದ್ದರೆ ಕತ್ತಿಯಿಂದ ನಾಲ್ಕು ಬೆರಳು ತೊಟ್ಟು ಬಿಟ್ಟು ಒಂದೇ ಸಲಕ್ಕೆ ಕೊಯ್ಯುವುದು. ಕೊಯ್ದದ್ದನ್ನು ಮಣ್ಣಿಗೆ ತಾಗಿಸುವ ಹಾಗಿಲ್ಲ. ಬುಟ್ಟಿಯ ಅಡಿಯಲ್ಲಿ ಮೊಗೆಕಾಯಿ, ಮೇಲೆ ಹರಿವೆಯ ಕಟ್ಟು. ದಾರಿಯಲ್ಲಿ ಯಾರಾದರೂ ಎಷ್ಟು ಆಯಿತು ಎಂದು ಕೇಳಿದರೆ, "ಎಂತದೂ ಇಲ್ಲ, ನಾಲ್ಕು ಹರಿವೆ ಕಡ್ಡಿ" ಎಂದು ಹೇಳಿ ಬುಟ್ಟಿ ಹಗುರವಿದೆ ಎಂಬ ಹಾಗೆ ನಡೆಯುತ್ತಿದ್ದಳು. ಕುತ್ತಿಗೆಯ ನರ ಮಾತ್ರ ಬಿಗಿದಿರುತ್ತಿತ್ತು.

ಎಳೆ ಕಾಯಿಗೆ ಬೆರಳು ತೋರಿಸಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತೋರಿಸಿದರೆ ಕಾಯಿ ಕೊಳೆಯುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಕೈ ತಪ್ಪಿ ತೋರಿಸಿದರೆ ಆ ಬೆರಳನ್ನು ತಕ್ಷಣ ಕಚ್ಚಿಕೊಳ್ಳಬೇಕು. ಅವಳ ಗದ್ದೆಗೆ ಹೋಗುವಾಗ ನಾನು ಎರಡೂ ಕೈ ಹಿಂದೆ ಕಟ್ಟಿಕೊಳ್ಳಬೇಕಿತ್ತು. ಶಾಲೆ ಕಲಿತ ನನಗೆ ಇದೆಲ್ಲ ನಗೆ ತರಿಸುತ್ತಿತ್ತು, ಆದರೂ ಕಟ್ಟಿಕೊಳ್ಳುತ್ತಿದ್ದೆ.

ಇನ್ನು ನನ್ನ ಸಂಗತಿ. ಆ ವರ್ಷ ನಮಗೆ ಬಿಳಿ ಗೊಬ್ಬರದ ಚೀಲಗಳು ಬಂದಿದ್ದವು. ಒಬ್ಬ ರೈತನ ಜಾಗದಲ್ಲಿ ಹಾಕಿ, ಬೆಳೆ ಹೇಗೆ ಬಂತು ಎಂದು ಮೇಲಿನ ಸಾಹೇಬರಿಗೆ ತೋರಿಸಬೇಕು. ತೋರಿಸಿದರೆ ನನ್ನ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ. ಕೇಳಿದವರೆಲ್ಲ ತಲೆ ಅಲ್ಲಾಡಿಸಿದ್ದರು. ಒಂದು ಪೊಟ್ಟಣದಲ್ಲಿ ಅದನ್ನು ತೆಗೆದುಕೊಂಡು ಅವಳ ಹತ್ತಿರ ಹೋದೆ.

ಅವಳು ಅಂಗೈಗೆ ಹಾಕಿಸಿಕೊಂಡು ಮೂಸಿದಳು. "ಉಪ್ಪಲ್ದ ಇದು? ಉಪ್ಪು ತೆಂಗಿಗೆ ಆತು, ಮೊಗೆಗೆ ಎಂತಕೆ?" ಎಂದಳು. ಉಪ್ಪಲ್ಲ, ಗೊಬ್ಬರ ಎಂದೆ. ಅಂಗಳದ ಕೋಳಿಯ ಮುಂದೆ ನಾಲ್ಕು ಕಾಳು ಎಸೆದಳು. ಕೋಳಿ ಕೊಕ್ಕು ತಾಗಿಸಿ ತಲೆ ಕೊಡವಿ ಹಿಂದೆ ಸರಿಯಿತು.

"ಕೋಳಿಗೆ ಬೇಡದ್ದು ನನ್ನ ಬಳ್ಳಿಗೂ ಬೇಡ" ಎಂದಳು. ಮಾದೇವಿ ಜಗಲಿಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ, ಆದರೆ ನನಗೆ ಸಿಟ್ಟು ಬಂದಿತ್ತು.

ಶಿವರಾತ್ರಿಯ ಹೊತ್ತಿಗೆ ಅಘನಾಶಿನಿಯ ಅವಳ ತವರಿನಲ್ಲಿ ಅಣ್ಣ ತೀರಿಕೊಂಡ. ಹೊನ್ನಾವರದಲ್ಲಿ ಹೊಳೆ ದಾಟಿ, ಕುಮಟೆಗೆ ಹೋಗಿ, ಅಲ್ಲಿಂದ ಮತ್ತೆ ನಡಿಗೆ. ಹೋಗಿ ಬರಲು ಐದಾರು ದಿವಸ ಬೇಕಾಗಿತ್ತು. ಬಳ್ಳಿಗೆ ನೀರು ಹಾಕಲು ಮಾದೇವಿಗೆ ಹೇಳಿ ಹೋದಳು. ಮೂರನೆಯ ದಿನ ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾದಾಗ, ನಾನು ಖಾದಿ ಚೀಲದಲ್ಲಿ ಬಿಳಿ ಗೊಬ್ಬರ ತುಂಬಿಕೊಂಡು ಆ ಗದ್ದೆಗೆ ಇಳಿದೆ. ತೆಂಕು ಬದಿಯ ಎರಡು ಸಾಲು ಮೊಗೆಗೆ ಗುಣಿ ಗುಣಿಗೂ ಹಾಕಿ ಮಣ್ಣು ಮುಚ್ಚಿದೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಹಾಕಿದೆ. ಮೇಲೆ ಬರುವಾಗ ದಣಪೆಯ ಹತ್ತಿರ ಮಾದೇವಿ ನಿಂತಿದ್ದಳು. ಹುಳ ಬಿದ್ದಿದೆಯಾ ನೋಡಲು ಬಂದೆ ಎಂದೆ. ಆತು ಎಂದಳು. ಸಂಜೆ ಅವಳೇ ಕೊಡ ಹೊತ್ತು ಆ ಗುಣಿಗಳಿಗೆ ನೀರು ಹಾಕಿದಳು, ಪಾಪ, ಏನೂ ತಿಳಿಯದೆ.

ಯುಗಾದಿ ಕಳೆದು ಸಾಹೇಬರು ಬಂದರು. ಅಷ್ಟರಲ್ಲಿ ಆ ಎರಡು ಸಾಲಿನ ಬಳ್ಳಿಗಳು ಕಡುಹಸಿರಾಗಿ ಒಂದರ ಮೇಲೊಂದು ಹತ್ತಿದ್ದವು. ಕಾಯಿಗಳು ಉಳಿದವಕ್ಕಿಂತ ಒಂದೂವರೆ ಪಾಲು ದೊಡ್ಡವು. ಸಾಹೇಬರಿಗೆ ನಾನು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು. ಅವಳು ಪಕ್ಕದಲ್ಲೇ ನಿಂತು ಕಾಲಿನಿಂದ ಕಾಯಿಗಳ ಮೇಲೆ ಹುಲ್ಲು ಎಳೆಯುತ್ತಿದ್ದಳು.

"ಅವ್ರಿಗೆ ಎಂತ ಹೇಳ್ದೆ?"

"ನಿನ್ನ ಬೆಳೆ ಚಂದ ಅಂದೆ."

"ಅಷ್ಟು ಹೇಳುಕೆ ಅಷ್ಟು ಹೊತ್ತು ಬೇಕಾ?" ಎಂದಳು.

ಸಾಹೇಬರ ಜೀಪು ಹೋದ ಮೇಲೆ ಮಾದೇವಿ ಬಂದಳು. ಆ ಸಾಲು ನೋಡಿ ಅವಳಿಗೆ ಖುಷಿ ತಡೆಯಲಿಲ್ಲ. "ಅಲ್ನೋಡೆ ಅಕ್ಕ, ಆ ಸಾಲಲ್ಲಿ ಎಂಥ ಕಾಯಿ" ಎಂದು ತೋರುಬೆರಳು ನೆಟ್ಟಗೆ ಚಾಚಿಬಿಟ್ಟಳು. ಆಮೇಲೆ ನೆನಪಾಗಿ ಬೆರಳು ಕಚ್ಚಿಕೊಂಡಳು. ಮೂವರೂ ನಕ್ಕೆವು. ಯಾರನ್ನೂ ನಂಬದ ಅವಳು ಅಷ್ಟು ಮನಬಿಚ್ಚಿ ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ವೈಶಾಖದಲ್ಲಿ ಕೊಯ್ಲಾಯಿತು. ಚಿಕ್ಕ ಕಾಯಿಗಳು ಸಂತೆಗೆ, ಪೇಟೆಗೆ ಹೋದವು. ದೊಡ್ಡವನ್ನೆಲ್ಲ ಮನೆಗೆಂದು ಇಟ್ಟುಕೊಂಡಳು. ದೊಡ್ಡವು ಎಂದರೆ ನನ್ನ ಎರಡು ಸಾಲಿನವೇ. ಪಕಾಸಿನ ತುಂಬ ತೂಗಿಸಿದ್ದನ್ನು ನನಗೆ ಕರೆದು ತೋರಿಸಿದಳು, ಬೆರಳು ಮಡಿಸಿ. ನನ್ನ ನೌಕರಿ ಕಾಯಂ ಆದ ಕಾಗದ ಆ ವಾರವೇ ಬಂದಿತ್ತು. ನೋಡಿದಿರಾ, ಗೊಬ್ಬರದಿಂದ ಯಾರಿಗೂ ನಷ್ಟವಾಗಲಿಲ್ಲ ಎಂದು ನನ್ನಷ್ಟಕ್ಕೆ ನಾನೇ ಬೀಗಿದೆ.

ಆರಿದ್ರಾ ಮಳೆಯ ಒಂದು ಬೆಳಿಗ್ಗೆ ಅವಳ ಮನೆಯೊಳಗೆ ನೀರು ಹನಿಯಿತು. ಮಾಡು ಸೋರುತ್ತಿದೆ ಎಂದು ಕೆಳಗೆ ಪಾತ್ರೆ ಇಟ್ಟಳು. ಹುಲ್ಲು ಹೊದೆಸಿದವನು ಮೋಸ ಮಾಡಿದ ಎಂದು ಅವನ ಮನೆಗೆ ಹೋಗಿ ಬೈದು ಬಂದಳು. ವಾಪಸು ಬರುವಾಗ ಮನೆಯೆಲ್ಲ ನಾತ. ಪಾತ್ರೆಯಲ್ಲಿ ಇದ್ದದ್ದು ಮಳೆಯ ನೀರಲ್ಲ. ಮೊಗೆಕಾಯಿ ಕೊಳೆತು ರಸ ಇಳಿಯುತ್ತಿತ್ತು. ಒಂದರ ಹಿಂದೆ ಒಂದು, ಬಾಳೆನಾರು ಬಿಟ್ಟು ನೆಲಕ್ಕೆ ಬಿದ್ದವು. ಆಷಾಢ ಮುಗಿಯುವುದರೊಳಗೆ ಪಕಾಸಿನಲ್ಲಿ ಬರೀ ನಾರು ಉಳಿಯಿತು. ಉಬ್ಬಿದ ಕಾಯಿಯಲ್ಲಿ ನೀರೇ ಹೆಚ್ಚು, ತಾಳಿಕೆ ಕಡಿಮೆ ಎಂದು ನನಗೆ ಆಮೇಲೆ ತಿಳಿಯಿತು. ನಮಗೆ ಅದನ್ನು ಯಾರೂ ಕಲಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಮಳೆಗಾಲ ಎರಡು ಮನೆಯವರೂ ತಗಟೆ ಸೊಪ್ಪು, ಕೆಸುವಿನ ಎಲೆ, ಹಲಸಿನ ಬೀಜ ಬೇಯಿಸಿಕೊಂಡು ಉಂಡರು. ಬೇಯಿಸಿದ್ದು ಮಾತ್ರ ಬೇರೆಬೇರೆ. ಯಾಕೆಂದರೆ ಕೊಳೆತದ್ದು ಯಾವ ಸಾಲಿನದು ಎಂದು ಅವಳು ಲೆಕ್ಕ ಹಾಕಿದ್ದಳು. ಮಾದೇವಿಯ ಬೆರಳು ಹೋದ ಸಾಲು. ಮಾದೇವಿ ಅತ್ತಳು, ಆಣೆ ಮಾಡಿದಳು, ಬೆರಳು ಕಚ್ಚಿಕೊಂಡಿದ್ದೆನಲ್ಲ ಅಕ್ಕ ಎಂದಳು. ಕೊನೆಗೆ, ನೀನಿಲ್ಲದಾಗ ಸೇವಕ ಬಂದು ಆ ಸಾಲಿನಲ್ಲಿ ಕೂತು ಎಂತದೋ ಮಾಡುತ್ತಿದ್ದ ಎಂದೂ ಹೇಳಿದಳು.

ಅವಳು ತಲೆಯ ಮೇಲೆ ಎಲೆಯ ಗೊರಬು ಹಾಕಿಕೊಂಡು, ಜೋರು ಮಳೆಯಲ್ಲಿ, ನಾನಿದ್ದ ಬಾಡಿಗೆ ಕೋಣೆಯವರೆಗೆ ನಡೆದು ಬಂದಳು. ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಕೇಳಿದಳು.

"ನಾ ಅಘನಾಶಿನಿಗೆ ಹೋದಾಗ ನನ್ನ ಗದ್ದೆಗೆ ಬಂದಿದ್ಯನಾ?"

ಕಾಯಂ ಆದ ಕಾಗದ ಪೆಟ್ಟಿಗೆಯಲ್ಲಿತ್ತು. ಹೌದು ಎಂದರೆ ಊರೆಲ್ಲ ಸುದ್ದಿಯಾಗುತ್ತದೆ, ಸಾಹೇಬರಿಗೂ ಮುಟ್ಟುತ್ತದೆ.

"ಇಲ್ಲ" ಎಂದೆ.

"ದೇವ್ರ ಮೇಲೆ?"

"ದೇವರ ಮೇಲೆ."

ಅವಳ ಎಡಗಣ್ಣು ಸಣ್ಣದಾಗಲಿಲ್ಲ. ನಾನು ಹೇಳಿದ ಮಾತನ್ನು ಅವಳು ನಂಬಿದ್ದು ಅದೊಂದೇ ಸಲ. "ಆತು" ಎಂದು ತಿರುಗಿ ಹೋದಳು. ಮರುದಿನ ನೋಡಿದರೆ ದಣಪೆಗೆ ಅಡ್ಡ ಇಟ್ಟು, ಮೇಲೆ ಮುಳ್ಳು ತುರುಕಿ ಕಟ್ಟಿದ್ದಳು. ಶ್ರಾವಣದಲ್ಲಿ ಮಾದೇವಿ ಬೇರೆಯವರ ಗದ್ದೆಗೆ ಕಳೆ ಕೀಳಲು ಹೋದಳು. ಇಬ್ಬರ ಹಾಡನ್ನೂ ಆಮೇಲೆ ಯಾರೂ ಕೇಳಲಿಲ್ಲ. ಒಬ್ಬಳು ಎತ್ತಿದರೆ ಹಿಡಿಯುವವರು ಯಾರೂ ಇರಲಿಲ್ಲ.

ನಾನು ಎರಡು ವರ್ಷ ಆ ಮನೆಗಳ ಮುಂದೆ ಸೈಕಲ್ಲಿನಲ್ಲಿ ಓಡಾಡಿದೆ. ದಿನಾ ಹೇಳಬೇಕು ಎಂದುಕೊಳ್ಳುವುದು, ನಾಳೆ ಹೇಳುವ ಎಂದುಕೊಳ್ಳುವುದು. ನಾಚಿಕೆ ಎಂದರೆ ಎಂತ ಎಂದು ನನಗೆ ಆಗ ಗೊತ್ತಾಯಿತು. ಹೊನ್ನಾವರಕ್ಕೆ ವರ್ಗವಾದ ಮೇಲೆ, ಹೊರಡುವ ಮುನ್ನಾದಿನ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೋದೆ.

ಅವಳು ಗದ್ದೆಯಲ್ಲಿ ಬೆಂಡೆ ಕೊಯ್ಯುತ್ತಿದ್ದಳು. ಆ ವರ್ಷ ಮೊಗೆ ಹಾಕಿರಲಿಲ್ಲ. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಚೀಲದಲ್ಲಿ ಎಂತ ತಂದೆ, ಎಷ್ಟು ಹಾಕಿದೆ, ಕಾಯಿ ಯಾಕೆ ಉಬ್ಬಿತು, ಯಾಕೆ ಕೊಳೆಯಿತು, ಮಾದೇವಿಯ ಬೆರಳಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಎಲ್ಲ. ಅವಳು ಬೆಂಡೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಒಂದು ಗಿಡ ಮುಗಿಸಿ ಇನ್ನೊಂದು ಗಿಡಕ್ಕೆ ಹೋದಳು. ಆಮೇಲೆ ಎಡಗಣ್ಣು ಸಣ್ಣ ಮಾಡಿದಳು.

"ಅವ್ಳು ಕಳ್ಸಿದ್ಳಾ?"

"ಯಾರು?"

"ಯಾರು ಅಂತ ಕೇಳ್ತ್ಯಾ? ನಿಂಗೆ ವರ್ಗ ಆತು. ಹೋಗುವವನ ಮೇಲೆ ತಪ್ಪು ಹಾಕ್ದ್ರೆ ಯಾರಿಗೂ ನಷ್ಟ ಇಲ್ಲ. ಚಂದ ಲೆಕ್ಕ ಹಾಕಿದ್ಳು."

"ದೇವರ ಮೇಲೆ ಆಣೆ, ನಾನೇ ಮಾಡಿದ್ದು" ಎಂದೆ.

"ಅಂದೂ ದೇವ್ರ ಮೇಲೇ ಹೇಳ್ದೆ, ಬರ್ಲಿಲ್ಲ ಅಂತ."

"ಅಂದು ಸುಳ್ಳು ಹೇಳಿದ್ದೆ."

"ಅಂದು ಸುಳ್ಳು ಹೇಳ್ದವ ಇಂದು ನಿಜ ಹೇಳ್ತ ಅಂಬುದಕೆ ಎಂತ ಗುರ್ತು?" ಎಂದಳು.

ಇವಳಿಗಾಗದಿದ್ದರೆ ಮಾದೇವಿಗಾದರೂ ಹೇಳಿ ಕ್ಷಮೆ ಕೇಳಿ ಹೋಗುವ ಎನಿಸಿತು. ಅಲ್ಲಿಂದ ಹೊರಟು, ಬದುವಿನ ಮೇಲೆ ನಡೆದು, ಬೇಲಿ ಸುತ್ತಿ, ನೆಟ್ಟಗೆ ಮಾದೇವಿಯ ಅಂಗಳಕ್ಕೆ ಹೋದೆ. ನನ್ನಂಥ ಬುದ್ಧಿಗೇಡಿ ಇನ್ನೊಬ್ಬನಿಲ್ಲ.

ಮಾದೇವಿ ಅಂಗಳ ಸಾರಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಬಗ್ಗಿದ ಹಾಗೇ ಕೇಳಿದಳು. ಗೊಬ್ಬರದ ಸುದ್ದಿಗೆ ಅವಳು ಆಶ್ಚರ್ಯಪಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವಳು ಕೇಳಿದ್ದು ಒಂದೇ.

"ಅಕ್ಕನಿಗೆ ಹೇಳ್ದ್ರಾ?"

"ಹೇಳಿದೆ. ನಂಬಲಿಲ್ಲ. ನೀವು ಕಳಿಸಿದ್ದು ಅಂತಾಳೆ."

"ಹೇಳಿ, ಅಲ್ಲಿಂದ ನೆಟ್ಟಗೆ ಇಲ್ಲಿಗೆ ಬಂದ್ರಾ?"

ನಾನು ತಿರುಗಿ ನೋಡಿದೆ. ಮುಳ್ಳು ಕಟ್ಟಿದ ದಣಪೆಯ ಆಚೆ, ಬೆಂಡೆಯ ಬುಟ್ಟಿ ಸೊಂಟದಲ್ಲಿಟ್ಟುಕೊಂಡು, ಅವಳು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದಳು.

ಮಾದೇವಿ ಸಗಣಿಯ ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು. "ಇಷ್ಟು ದಿನ ನನ್ನ ಕೈ ತಪ್ಪಿತ್ತು ಅಂತ ಸಿಟ್ಟು ಮಾಡ್ಕೊಂಡಿದ್ಳು. ಸಿಟ್ಟು ಇವತ್ತಲ್ಲ ನಾಳೆ ಇಳೀತಿತ್ತು. ಈಗ ನಾ ಬೇಕಂತ್ಲೇ ಮಾಡಿ, ಮುಚ್ಚುಕೆ ನಿಮ್ಮನ್ನ ಕಳ್ಸ್ದೆ ಅಂತ ಆತು" ಎಂದಳು. ಮತ್ತೆ ಬಗ್ಗಿ, ಬಿಟ್ಟ ಜಾಗದಿಂದ ಅಂಗಳ ಸಾರಿಸತೊಡಗಿದಳು. "ಹೋಗಿ ನೀವು" ಎಂದಳು.